ಡೀಸೆಲ್ ಸ್ವಿಫ್ಟ್‌ಗೆ ‘ಕೋಲ್ಡ್ ಏರ್ ಕಿಟ್’ ಹಾಕಿಸೋ ಮುಂಚೆ ಇದನ್ನ ಓದಿ: ದುಡ್ಡೂ ಹೋಯ್ತು, ಪವರ್ರೂ ಹೋಯ್ತು

ನೇರವಾಗಿ ವಿಷಯಕ್ಕೆ ಬರ್ತೀನಿ. ಗಾಡಿ ಸ್ವಿಫ್ಟ್ ಡಿಡಿಐಎಸ್, 1248 ಸಿಸಿ, 75 ಪಿಎಸ್, 190 ಎನ್‌ಎಂ. ಕಂಪನಿ ಏರ್ ಫಿಲ್ಟರ್ ಬಾಕ್ಸ್ ತೆಗೆಸಿ, ಬಾಕ್ಸ್ ಇಲ್ಲದ ಶಂಕು ಆಕಾರದ ಕೋನ್ ಫಿಲ್ಟರ್ ಇರೋ ಇಂಟೇಕ್ ಕಿಟ್ (ಎಂಜಿನ್‌ಗೆ ಗಾಳಿ ಎಳೆಯೋ ಪೈಪ್, ಫಿಲ್ಟರ್ ಸೆಟ್) ಹಾಕಿಸಿದ್ದು. ಇದನ್ನೇ ‘ಕೋಲ್ಡ್ ಏರ್ ಕಿಟ್’ ಅಂತ ಮಾರೋದು. ಬೆಂಗಳೂರಿನ ಒಂದು ಅಂಗಡಿ, ಹೆಸರು ಬರೆಯಲ್ಲ. ಕಿಟ್‌ಗೆ 14,500, ಫಿಟ್ಟಿಂಗ್‌ಗೆ 2,500. ಆಮೇಲೆ ಅದನ್ನೆಲ್ಲ ಕಿತ್ತು ಮೊದಲಿನ ಥರ ಮಾಡಿಸೋಕೆ ಇನ್ನೂ 2,750. ಹತ್ತಿರ ಹತ್ತಿರ 20 ಸಾವಿರ ಕೊಟ್ಟು ಇದ್ದ ಪವರ್ ಕಳ್ಕೊಂಡಿದ್ದು. ಬರೆಯೋಕೆ ನಾಚಿಕೆ ಆಗುತ್ತೆ. ಆದರೂ ಬರೀತಿದೀನಿ, ಯಾಕಂದ್ರೆ ಅದೇ ಕಿಟ್ಟನ್ನ ಅದೇ ಮಾತು ಹೇಳಿ ಈಗಲೂ ಮಾರ್ತಿದಾರೆ.

ಮಾತು ಏನು ಗೊತ್ತಾ? “12 ಎಚ್‌ಪಿ ಗ್ಯಾರಂಟಿ ಸಾರ್. ಮೈಲೇಜೂ ಒಂದೆರಡು ಜಾಸ್ತಿ ಬರುತ್ತೆ.” 75ಕ್ಕೆ 12 ಅಂದ್ರೆ ನೂರಕ್ಕೆ 16. ಬರೀ ಫಿಲ್ಟರ್ ಮತ್ತು ಪೈಪ್ ಬದಲಾಯಿಸಿದ್ರೆ 16 ಪರ್ಸೆಂಟ್ ಬರಬೇಕು ಅಂದ್ರೆ ಕಂಪನಿ ಬಾಕ್ಸ್ ಅಷ್ಟು ಗಾಳಿ ತಡೀತಿರಬೇಕು. ಆ ಲೆಕ್ಕ ಅಲ್ಲೇ ನಿಂತು ಹಾಕಿದ್ದಿದ್ರೆ ಇಷ್ಟು ಆಗ್ತಿರಲಿಲ್ಲ. ಫೋನಲ್ಲಿ ಒಂದು ಡೈನೋ ಶೀಟ್ (ಗಾಡಿ ಪವರ್ ಅಳೆಯೋ ಮೆಷಿನ್ ಕೊಡೋ ಗ್ರಾಫ್) ತೋರಿಸಿದ್ರು, ಕೆಂಪು ಗೆರೆ ಕೆಳಗೆ, ನೀಲಿ ಗೆರೆ ಮೇಲೆ. ಆ ಶೀಟಿನ ಕಥೆ ಆಮೇಲೆ ಹೇಳ್ತೀನಿ.

ಮೊದಲು ಏನು ಕೆಟ್ಟಿತು ಅನ್ನೋದು ಅರ್ಥ ಆಗಬೇಕು. ಈ ಎಂಜಿನ್ನಲ್ಲಿ ಫಿಲ್ಟರ್ ದಾಟಿದ ಮೇಲೆ, ಟರ್ಬೊಗೆ ಮುಂಚೆ, ಕೊಳವೆಯಲ್ಲಿ ಮ್ಯಾಫ್ ಸೆನ್ಸರ್ ಕೂತಿರುತ್ತೆ. ಎಂಜಿನ್ ಎಷ್ಟು ಗ್ರಾಂ ಗಾಳಿ ಎಳ್ಕೊಳ್ತಿದೆ ಅಂತ ಇಸಿಯುಗೆ, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರ್‌ಗೆ, ಹೇಳೋದು ಅದೇ. ಆದರೆ ಅದು ಇಡೀ ಕೊಳವೆಯ ಗಾಳಿ ಅಳೆಯಲ್ಲ. ಒಳಗಿರೋ ಬಿಸಿ ಫಿಲ್ಮ್ ಪಕ್ಕ ಹಾದು ಹೋಗೋ ಸ್ವಲ್ಪ ಗಾಳಿ ಎಷ್ಟು ತಣ್ಣಗೆ ಮಾಡ್ತು ಅಂತ ನೋಡಿ, ಕೊಳವೆ ಇಷ್ಟೇ ಅಗಲ ಇದೆ ಅನ್ನೋ ನಂಬಿಕೆ ಮೇಲೆ ಒಟ್ಟು ಲೆಕ್ಕ ಹಾಕುತ್ತೆ. ಕೊಳವೆ ಅಗಲ ಮಾಡಿದ್ರೆ ಅಷ್ಟೇ ಗಾಳಿ ನಿಧಾನ ಹೋಗುತ್ತೆ, ಸೆನ್ಸರ್ ಕಮ್ಮಿ ತೋರಿಸುತ್ತೆ. 60 ಮಿ.ಮೀ. ಒಳಅಳತೆ ಇರೋ ಕಡೆ 70 ಮಿ.ಮೀ. ಪೈಪ್ ಹಾಕಿದ್ರೆ ವಿಸ್ತೀರ್ಣ 1.36 ಪಟ್ಟು, ವೇಗ 27 ಪರ್ಸೆಂಟ್ ಕಮ್ಮಿ. ನೋಡೋಕೆ ಹತ್ತೇ ಮಿಲಿಮೀಟರ್!

ಇಸಿಯು ಏನು ಮಾಡುತ್ತೆ? ಗಾಳಿ ಕಮ್ಮಿ ಬರ್ತಿದೆ, ಡೀಸೆಲ್ ಜಾಸ್ತಿ ಬಿಟ್ರೆ ಕಪ್ಪು ಹೊಗೆ ಬರುತ್ತೆ ಅಂತ ಫುಲ್ ಆಕ್ಸಿಲರೇಟರ್‌ನಲ್ಲಿ ಡೀಸೆಲ್ ಕಡಿಮೆ ಮಾಡುತ್ತೆ. ಗಾಳಿ ನಿಜವಾಗಿ ಬರ್ತಾನೇ ಇದೆ, ಡೀಸೆಲ್ ಬರ್ತಿಲ್ಲ. ಗಾಡಿ ಎಳೆಯಲ್ಲ. ಇದನ್ನೇ ಅಂಗಡಿಯಾತ ಸೈಲೆನ್ಸರ್ ಹಿಂದೆ ಬಗ್ಗಿ ನೋಡಿ ಹೇಳಿದ್ದು: “ನೋಡಿ ಸಾರ್, ಹೊಗೇನೇ ಇಲ್ಲ. ಎಷ್ಟು ಕ್ಲೀನಾಗಿ ಉರೀತಿದೆ!” ಹೊಗೆ ಇರಲಿಲ್ಲ, ಯಾಕಂದ್ರೆ ಉರಿಯೋಕೆ ಡೀಸೆಲ್ಲೇ ಕೊಡ್ತಿರಲಿಲ್ಲ. ಆ ಮಾತಿಗೆ ತಲೆ ಆಡಿಸಿ ಬಂದಿದ್ದು ನೆನೆಸಿಕೊಂಡ್ರೆ ಇವತ್ತಿಗೂ ಮೈ ಉರಿಯುತ್ತೆ.

ಓಬಿಡಿ ಡಾಂಗಲ್ (ಗಾಡಿಗೆ ಚುಚ್ಚಿ ಸೆನ್ಸರ್ ರೀಡಿಂಗ್ ಫೋನಲ್ಲಿ ನೋಡೋ ಸಾಧನ) ಇದ್ರೆ ನೀವೇ ನೋಡಬಹುದು. ಮೂರನೇ ಗೇರ್, 3000 ಆರ್‌ಪಿಎಂ, ಪೆಡಲ್ ಪೂರ್ತಿ ಕೆಳಗೆ. ಕಂಪನಿ ಬಾಕ್ಸ್ ಇದ್ದಾಗ ಸೆಕೆಂಡಿಗೆ 55 ಗ್ರಾಂ ಆಸುಪಾಸು. ಕಿಟ್ ಹಾಕಿದ ಮೇಲೆ 40. ಅದೇ ಎಂಜಿನ್, ಅದೇ ಟರ್ಬೊ, ಅದೇ ರಸ್ತೆ. ಸದ್ದು ಮಾತ್ರ ಭರ್ಜರಿ. ಟರ್ಬೊ ಸೀಟಿ, ಗಾಳಿ ಎಳೆಯೋ ಬುಸ್ ಅನ್ನೋ ಶಬ್ದ, ಎಲ್ಲ ಕ್ಯಾಬಿನ್ ಒಳಗೇ ಕೇಳುತ್ತೆ. ಕಂಪನಿ ಬಾಕ್ಸ್ ಆ ಸದ್ದು ಅಡಗಿಸೋ ಹಾಗೆ ಮಾಡಿರೋದು. ಬಾಕ್ಸ್ ತೆಗೆದ ಮೇಲೆ ಸದ್ದು ಬಂತು, ಮೊದಲ ಎರಡು ದಿನ ಸದ್ದನ್ನೇ ಪವರ್ ಅಂದ್ಕೊಳ್ತೀವಿ. ಇವರ ವ್ಯಾಪಾರ ನಡೆಯೋದೇ ಆ ಎರಡು ದಿನದ ಮೇಲೆ.

ಫಿಟ್ಟಿಂಗ್ ಬಗ್ಗೆ ಹೇಳ್ಲೇಬೇಕು. ಸೆನ್ಸರ್ ಕೂರಿಸೋಕೆ ಅಲ್ಯೂಮಿನಿಯಂ ಪೈಪ್‌ಗೆ ಒಂದು ಬಾಸ್, ಅಂದ್ರೆ ತೂತಿರೋ ದಪ್ಪ ಲೋಹದ ತುಂಡು, ವೆಲ್ಡ್ ಮಾಡಿದ್ರು, ಅದೂ ಬೆಂಡ್ ಮುಗಿದ ಜಾಗದಲ್ಲೇ. ಬೆಂಡ್ ದಾಟಿದ ಗಾಳಿ ಸುಳಿ ಸುತ್ತುತ್ತೆ, ರೀಡಿಂಗ್ ಕುಣಿಯುತ್ತೆ. ಗಾಳಿ ಸೆನ್ಸರ್ ತಲುಪೋಕೆ ಮುಂಚೆ ನೇರ ಪೈಪ್ ಇರಬೇಕು. ಬಾಸ್ ತೂತು ದೊಡ್ಡದಾಗಿತ್ತು, ಓ-ರಿಂಗ್ ಹಿಡೀತಿರಲಿಲ್ಲ, ಅದಕ್ಕೆ ಸುತ್ತ ಸಿಲಿಕಾನ್ ಗ್ಯಾಸ್ಕೆಟ್ ಬಳಿದಿದ್ರು. ಸೆನ್ಸರ್ ಬಿಚ್ಚಿದಾಗ ಒಣಗಿದ ಸಿಲಿಕಾನಿನ ಒಂದು ಎಳೆ, ಶಾವಿಗೆ ಥರ, ಪೈಪ್ ಒಳಕ್ಕೆ ಇಳಿಬಿದ್ದಿತ್ತು. ಕಿತ್ಕೊಂಡ್ರೆ ನೇರ ಟರ್ಬೊ ಬಾಯಿಗೆ. ಒಂದು ಲಕ್ಷಕ್ಕೂ ಹೆಚ್ಚು ಆರ್‌ಪಿಎಂನಲ್ಲಿ ತಿರುಗೋ ಚಕ್ರ ಅದು.

ಬ್ರೀದರ್ ಪೈಪ್ ಇನ್ನೊಂದು. ಎಂಜಿನ್ ಒಳಗಿನ ಆಯಿಲ್ ಆವಿ ಹೋಗೋ ಆ ಪೈಪು ಕಂಪನಿಯಿಂದ ಇಂಟೇಕ್‌ಗೆ ಸೇರಿರುತ್ತೆ. ಕಿಟ್‌ನಲ್ಲಿ ಅದಕ್ಕೆ ಜಾಗ ಇಲ್ಲ. ತುದಿಗೆ ಬೆರಳು ಗಾತ್ರದ ಒಂದು ಪುಟ್ಟ ಫಿಲ್ಟರ್ ಸಿಕ್ಕಿಸಿ ಬಿಟ್ರು. ಹತ್ತು ದಿನಕ್ಕೆ ಎಂಜಿನ್ ಮೇಲೆಲ್ಲ ಆಯಿಲ್ ಜಿಡ್ಡು, ಸಿಗ್ನಲ್‌ನಲ್ಲಿ ನಿಂತ್ರೆ ಎಸಿ ಒಳಗೆ ಸುಟ್ಟ ಆಯಿಲ್ ವಾಸನೆ. ಕೇಳಿದ್ದಕ್ಕೆ ಉತ್ತರ: “ರೇಸ್ ಕಾರಲ್ಲೆಲ್ಲ ಹಂಗೇ ಸಾರ್ ಇರೋದು.”

‘ಕೋಲ್ಡ್ ಏರ್’ ಅನ್ನೋ ಹೆಸರು ನೋಡಿ. ಕಂಪನಿ ಬಾಕ್ಸ್ ಮುಂದಿನ ಗ್ರಿಲ್ ಹಿಂದಿಂದ, ಮೇಲಿಂದ, ಹೊರಗಿನ ಗಾಳಿ ಎಳೆಯುತ್ತೆ. ಇವರು ಬಾನೆಟ್ ಒಳಗೆ, ಎಂಜಿನ್ ಪಕ್ಕ, ಬೆತ್ತಲೆ ಕೋನ್ ಇಟ್ರು. ಹೀಟ್ ಶೀಲ್ಡ್ ಅಂತ ಒಂದು ಅಲ್ಯೂಮಿನಿಯಂ ತಗಡು. ಬಾನೆಟ್‌ಗೆ ಒತ್ತಿ ಕೂರೋ ರಬ್ಬರ್ ಬೀಡಿಂಗ್ ಇಲ್ಲ, ಮೇಲೆಲ್ಲ ತೆರೆದೇ ಇದೆ. ಟ್ರಾಫಿಕ್‌ನಲ್ಲಿ ಇಂಟೇಕ್ ಗಾಳಿಯ ಉಷ್ಣತೆ ಮೊದಲು 40 ಡಿಗ್ರಿ ಇದ್ದದ್ದು 63ಕ್ಕೆ ಹೋಯ್ತು. ಸುಮಾರು 3 ಡಿಗ್ರಿಗೆ 1 ಪರ್ಸೆಂಟ್ ಗಾಳಿಯ ಸಾಂದ್ರತೆ ಇಳಿಯುತ್ತೆ. 23 ಡಿಗ್ರಿಗೆ 7 ಪರ್ಸೆಂಟ್. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಇಲ್ಲಿ ಗಾಳಿಯೊತ್ತಡ ಮೊದಲೇ ಹತ್ತು ಪರ್ಸೆಂಟ್ ಕಮ್ಮಿ. ಅದರ ಮೇಲೆ ಇದು.

ಒಂದು ವಾರಕ್ಕೆ ಚೆಕ್ ಎಂಜಿನ್ ಲೈಟ್ ಹತ್ತಿತು. ಅಂಗಡಿಯಾತ ಸ್ಕ್ಯಾನರ್ ಚುಚ್ಚಿ, ಸ್ಕ್ರೀನ್ ತನ್ನ ಕಡೆ ತಿರುಗಿಸ್ಕೊಂಡು, ಎರಡು ಬಟನ್ ಒತ್ತಿ “ಸರಿ ಹೋಯ್ತು ಸಾರ್, ಇನ್ನು ಬರಲ್ಲ” ಅಂದ. ಸಂಜೆ ಹೆಬ್ಬಾಳ ಫ್ಲೈಓವರ್ ಹತ್ತೋ ಹೊತ್ತಿಗೆ ಮತ್ತೆ ಹತ್ತಿತು. ಕೋಡ್ ಪಿ0101, ಅಂದ್ರೆ ಮ್ಯಾಫ್ ರೀಡಿಂಗ್ ಲೆಕ್ಕಕ್ಕೆ ಹೊಂದ್ತಿಲ್ಲ ಅಂತ. ಅವರು ಮಾಡಿದ್ದು ಬರೀ ಅಳಿಸಿದ್ದು. ರಿಪೇರಿ ಅಲ್ಲ, ಅಳಿಸಿದ್ದು ಅಷ್ಟೇ.

ಫೋನ್ ಮಾಡಿದಾಗೆಲ್ಲ ಒಂದೊಂದು ಉತ್ತರ. “ಇಸಿಯು ಕಲೀಬೇಕು ಸಾರ್, 500 ಕಿಲೋಮೀಟರ್ ಓಡಿಸಿ.” ಓಡಿಸಿದ್ದಾಯ್ತು. “ಬ್ಯಾಟರಿ ಒಂದು ರಾತ್ರಿ ತೆಗೆದಿಡಿ.” ಇಟ್ಟಿದ್ದಾಯ್ತು. “ನೀವು ಹಾಕ್ಸೋ ಬಂಕ್ ಸರಿ ಇಲ್ಲ ಅನ್ಸುತ್ತೆ.” ಕೊನೆಗೆ ಬಂತು ನೋಡಿ: “ಈ ಕಿಟ್‌ಗೆ ರೀಮ್ಯಾಪ್ ಮಾಡಿಸ್ಲೇಬೇಕು ಸಾರ್, ನಮ್ಮಲ್ಲೇ ಮಾಡ್ತೀವಿ, ನಿಮಗೆ 18 ಸಾವಿರ.” ರೀಮ್ಯಾಪ್ ಅಂದ್ರೆ ಇಸಿಯು ಒಳಗಿನ ಪ್ರೋಗ್ರಾಂ ಬದಲಾಯಿಸೋದು. ಇದನ್ನ ಮೊದಲೇ ಯಾಕೆ ಹೇಳಲಿಲ್ಲ ಅಂದ್ರೆ “ನೀವು ಕೇಳ್ಲಿಲ್ವಲ್ಲ” ಅಂದ. ನೀವು ಕೇಳ್ಲಿಲ್ವಲ್ಲ! ದುಡ್ಡು ತಗೊಳ್ಳೋವಾಗ ಬಾಯಲ್ಲಿ ಬಂದಿದ್ದು ಗ್ಯಾರಂಟಿ ಅನ್ನೋ ಮಾತು.

ಈಗ ಡೈನೋ ಶೀಟ್. ಅದೇ ಫೋಟೋನ ವಾಟ್ಸಾಪ್‌ನಲ್ಲಿ ಮತ್ತೆ ಕಳಿಸಿದ್ರು, “ಪ್ರೂಫ್” ಅಂತ. ಕೂತ್ಕೊಂಡು ದೊಡ್ಡದು ಮಾಡಿ ನೋಡಿದ್ರೆ ಗ್ರಾಫಿನ ತಳದಲ್ಲಿರೋ ಆರ್‌ಪಿಎಂ ಅಳತೆ 7000ದವರೆಗೂ ಇದೆ, ಪವರ್ 6000 ದಾಟಿದ ಮೇಲೆ ತುದಿ ಮುಟ್ಟುತ್ತೆ. ನಮ್ಮ ಎಂಜಿನ್ 4000ಕ್ಕೆ 75 ಪಿಎಸ್ ಕೊಟ್ಟು ಮುಗಿಸುತ್ತೆ. ಅದು ಡೀಸೆಲ್ ಗಾಡಿದೇ ಅಲ್ಲ, ಯಾವುದೋ ಪೆಟ್ರೋಲ್ ಕಾರಿಂದು. ಗಾಡಿ ಹೆಸರು ಇರೋ ಮೇಲಿನ ಪಟ್ಟಿ ಕತ್ತರಿಸಿ ಕಳಿಸಿದ್ರು. ಕೇಳಿದ್ದಕ್ಕೆ ಎರಡು ನೀಲಿ ಟಿಕ್, ಉತ್ತರ ಇಲ್ಲ. ಅವತ್ತು ಗೊತ್ತಾಯ್ತು, ಇದು ಗೊತ್ತಿಲ್ಲದೆ ಆದ ತಪ್ಪಲ್ಲ ಅಂತ.

ನಿಮಗೆ ಯಾರಾದ್ರೂ ಶೀಟ್ ತೋರಿಸಿದ್ರೆ ಗಾಡಿ ಹೆಸರು, ಆರ್‌ಪಿಎಂ ಅಳತೆ, ಎರಡೂ ರನ್‌ನ (ಕಿಟ್‌ಗೆ ಮುಂಚೆ ಒಂದು, ಆಮೇಲೆ ಒಂದು) ಇಂಟೇಕ್ ಉಷ್ಣತೆ ನೋಡಿ. ಮೊದಲ ರನ್ ಬಾನೆಟ್ ಮುಚ್ಚಿ ಕಾದ ಎಂಜಿನ್ನಲ್ಲಿ, ಎರಡನೇದು ಬಾನೆಟ್ ತೆಗೆದು ಫ್ಯಾನ್ ಇಟ್ಟು ಮಾಡಿದ್ರೆ ಏನೂ ಬದಲಾಯಿಸದೆ ಪವರ್ ಜಾಸ್ತಿ ತೋರಿಸಬಹುದು.

ಹಾಕಿಸಲೇಬೇಕು ಅನ್ನೋರು ಮೊದಲು ನಿಮ್ಮ ಕಂಪನಿ ಬಾಕ್ಸ್ ಗಾಳಿ ತಡೀತಿದ್ಯಾ ಅಂತ ಅಳೆಯಿರಿ. ಅಕ್ವೇರಿಯಂ ಅಂಗಡಿಯ ಪಾರದರ್ಶಕ ಪೈಪ್ ಮೂರು ಮೀಟರ್ ತಗೊಳ್ಳಿ. ಯು ಆಕಾರಕ್ಕೆ ಒಂದು ಹಲಗೆಗೆ ಕಟ್ಟಿ, ಅರ್ಧಕ್ಕೆ ಬಣ್ಣದ ನೀರು ತುಂಬಿ. ಒಂದು ತುದಿ ಫಿಲ್ಟರ್ ಮತ್ತು ಟರ್ಬೊ ನಡುವಿನ ರಬ್ಬರ್ ಪೈಪ್‌ಗೆ ಸಣ್ಣ ನಿಪ್ಪಲ್ ಹಾಕಿ ಸೇರಿಸಿ, ಇನ್ನೊಂದು ತುದಿ ಬಿಟ್ಟಿರಲಿ. ಹಲಗೆ ಉದ್ದ ಇರಲಿ, ನೀರು ಎಂಜಿನ್ ಒಳಕ್ಕೆ ಎಳೆಯೋ ಹಾಗೆ ಆಗಬಾರದು. ಪಕ್ಕದಲ್ಲಿ ಕೂತೋರು ಹಲಗೆ ಹಿಡೀಲಿ, ಖಾಲಿ ರಸ್ತೆಯಲ್ಲಿ ಮೂರನೇ ಗೇರಲ್ಲಿ, ಪೆಡಲ್ ಪೂರ್ತಿ ಒತ್ತಿ, 4000 ಆರ್‌ಪಿಎಂವರೆಗೆ ಒಂದು ಓಟ. ಎರಡು ಕಡೆ ನೀರಿನ ಮಟ್ಟದ ವ್ಯತ್ಯಾಸ 25 ಸೆಂ.ಮೀ. ಬಂದ್ರೆ ಅದು 2.5 ಕಿಲೋಪಾಸ್ಕಲ್, ಅಂದ್ರೆ ಗಾಳಿಯೊತ್ತಡದ ಮೂರು ಪರ್ಸೆಂಟ್‌ಗೂ ಕಮ್ಮಿ. ಟರ್ಬೊ ಅದನ್ನ ಬಹುಪಾಲು ತುಂಬಿಕೊಡುತ್ತೆ. ಅಂಥ ಕಡೆ 12 ಎಚ್‌ಪಿ ಎಲ್ಲಿಂದ ಬರುತ್ತೆ? ನಾವು ಅಳೆದಾಗ 18 ಸೆಂ.ಮೀ. ಕೂಡ ಬರಲಿಲ್ಲ. ಅಳೆದಿದ್ದು ಎಲ್ಲ ಮುಗಿದ ಮೇಲೆ, ಅದೇ ಸಂಕಟ.

ಬಂಪರ್ ಕೆಳಗೆ ಪೈಪ್ ಇಳಿಸಿ “ನಿಜವಾದ ಕೋಲ್ಡ್ ಏರ್” ಕೊಡ್ತೀವಿ ಅನ್ನೋರನ್ನ ಹತ್ತಿರ ಸೇರಿಸಬೇಡಿ. ಈ ಎಂಜಿನ್ನಿನ ಒಂದು ಸಿಲಿಂಡರ್ 312 ಸಿಸಿ. ಪಿಸ್ಟನ್ ಮೇಲೆ ಬಂದಾಗ ಉಳಿಯೋ ಜಾಗ ಸುಮಾರು 19 ಮಿ.ಲೀ. ನಾಲ್ಕು ಟೀ ಚಮಚ ನೀರು ಒಳಗೆ ಹೋದ್ರೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. 2023ರ ಮೇನಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಜೀವವೇ ಹೋದ ಊರು ಇದು. ನೀರಿಂದ ಎಂಜಿನ್ ಹೋದ್ರೆ ಎಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್ ಇಲ್ಲದ ವಿಮೆ ಸಾಮಾನ್ಯವಾಗಿ ದುಡ್ಡು ಕೊಡಲ್ಲ. ಇದ್ರೂ ಕಿಟ್ ನೋಡಿ ತಕರಾರು ತೆಗೀಬಹುದು.

ಈಗಾಗಲೇ ಎಣ್ಣೆ ಹಚ್ಚೋ ಕಾಟನ್ ಫಿಲ್ಟರ್ ಹಾಕಿಸಿದ್ರೆ ಮ್ಯಾಫ್ ಒಂದ್ಸಲ ನೋಡಿ. ಎಣ್ಣೆ ಜಾಸ್ತಿ ಆದ್ರೆ ತೆಳ್ಳಗೆ ಹಾರಿ ಫಿಲ್ಮ್ ಮೇಲೆ ಕೂರುತ್ತೆ, ಅದಕ್ಕೆ ಧೂಳು ಅಂಟುತ್ತೆ, ರೀಡಿಂಗ್ ಇನ್ನೂ ಇಳಿಯುತ್ತೆ. ಮ್ಯಾಫ್ ಕ್ಲೀನರ್ ಅಂತಲೇ ಬರೆದಿರೋ ಸ್ಪ್ರೇ ಮಾತ್ರ; ಕಾರ್ಬ್ ಕ್ಲೀನರ್, ಬ್ರೇಕ್ ಕ್ಲೀನರ್ ಬೇಡ. ಕೀ ಆಫ್ ಮಾಡಿ, ಕಪ್ಲರ್ ಬಿಚ್ಚಿ, ಎರಡು ಸ್ಕ್ರೂ ತೆಗೆದು, ದೂರದಿಂದ ಹತ್ತು ಹದಿನೈದು ಸಲ ಹೊಡೆದು ಅರ್ಧ ಗಂಟೆ ಒಣಗಿಸಿ. ಬಟ್ಟೆ, ಇಯರ್ ಬಡ್, ಬೆರಳು ಯಾವುದೂ ತಾಗಿಸಬೇಡಿ.

ಬಿಲ್ ಕೇಳಿ. ನನಗೆ ಸಿಕ್ಕಿದ್ದು ಪೆನ್ಸಿಲಲ್ಲಿ ಬರೆದ ಚೀಟಿ, ಅದರಲ್ಲಿ ಗಾಡಿ ನಂಬರ್ ಕೂಡ ಇಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದಾಗಿದೆ, ಯುಪಿಐ ಪಾವತಿಯ ದಾಖಲೆ ಒಂದೇ ಕೈಲಿರೋ ಸಾಕ್ಷಿ.

ಮತ್ತೆ, ದಯವಿಟ್ಟು, ದಯವಿಟ್ಟು, ಬಿಚ್ಚಿದ ಕಂಪನಿ ಬಾಕ್ಸನ್ನ ಡಿಕ್ಕಿಗೆ ಹಾಕಿಸ್ಕೊಂಡೇ ಬನ್ನಿ. “ಇಲ್ಲೇ ಇರ್ಲಿ ಸಾರ್, ಭಾರ ಯಾಕೆ” ಅಂತಾರೆ. ವಾಪಸ್ ಕೇಳೋಕೆ ಹೋದ್ರೆ “ಸ್ಕ್ರ್ಯಾಪ್‌ಗೆ ಹೋಯ್ತು” ಅಂದ್ರು. ಶಿವಾಜಿನಗರದ ಗುಜರಿಯಲ್ಲಿ ಮೂರು ಶನಿವಾರ ಅಲೆದು ಬಾಕ್ಸು, ಮ್ಯಾಫ್ ಕೊಳವೆ ಹುಡುಕಿದ್ದು. ಒಂದು ಕ್ಲಿಪ್ ಮುರಿದಿತ್ತು, ಕೇಬಲ್ ಟೈ ಹಾಕಿದೀನಿ. ಹೊಸ ಪೇಪರ್ ಫಿಲ್ಟರ್, ಬ್ರೀದರ್ ಪೈಪ್ ಮೊದಲಿನ ಜಾಗಕ್ಕೆ. ಲೈಟ್ ಆರಿದೆ, 3000ಕ್ಕೆ ಮತ್ತೆ 54 ಗ್ರಾಂ ತೋರಿಸ್ತಿದೆ. ಆ ಅಲ್ಯೂಮಿನಿಯಂ ಪೈಪ್ ಇನ್ನೂ ಮನೇಲಿದೆ. ಯಾರಾದ್ರೂ ಕೊಳ್ತೀನಿ ಅಂದ್ರೂ ಮಾರಲ್ಲ, ಇನ್ನೊಂದು ಗಾಡಿಗೆ ಹೋಗೋದು ಬೇಡ.