ಸೈಕಲ್ ಜಾಥಾಕ್ಕೆ ಯಾವ ಸೈಕಲ್? ಕರಿ ಸೈಕಲ್, ಎಂಟಿಬಿ, ಹೈಬ್ರಿಡ್ ಮೂರನ್ನೂ ತುಳಿದು ನೋಡಿದ್ದು

ಗಂಗಾವತಿಯಿಂದ ಹೊರಟು ಆನೆಗುಂದಿ, ಸಾಣಾಪುರ, ಹುಲಿಗಿ ಹಾದು ಕೊಪ್ಪಳ ಮುಟ್ಟುವುದು ನಮ್ಮ ಗೆಳೆಯರ ಬಳಗದ ಸೈಕಲ್ ಜಾಥಾ. ಸುಮಾರು 60 ಕಿಲೊಮೀಟರ್ ದಾರಿ. ಹೆಸರು ಕೊಟ್ಟ ಹೊಸಬರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: ಯಾವ ಸೈಕಲ್ ತರಲಿ? ನಾನು ಒಂದೊಂದು ವರ್ಷ ಒಂದೊಂದು ತುಳಿದಿದ್ದೇನೆ. ಅಪ್ಪನ ಕಾಲದ ಕರಿ ಸೈಕಲ್, ದಪ್ಪ ಟೈರಿನ ಎಂಟಿಬಿ (ಮೌಂಟೇನ್ ಬೈಕ್), ಆಮೇಲೆ ಹೈಬ್ರಿಡ್. ಮೂರೂ ಕೊಪ್ಪಳ ಮುಟ್ಟಿಸಿವೆ. ಆದರೆ ಮುಟ್ಟಿದಾಗ ಮೈಯ ಸ್ಥಿತಿ ಬೇರೆ ಬೇರೆ ಇತ್ತು. ಡಬ್ಬಿಯಲ್ಲಿ ಬಿದ್ದ ದುಡ್ಡೂ ಬೇರೆ ಬೇರೆ.

ಈ ಎರಡನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾವು ತುಳಿಯುವುದೇ ದುಡ್ಡು ಕೂಡಿಸಲಿಕ್ಕೆ, ಅಲ್ವಾ? ನಮ್ಮದು ಡಯಾಲಿಸಿಸ್‌ಗೆ ಓಡಾಡುವ ಹಳ್ಳಿಯವರ ಖರ್ಚಿಗೆ. ಸರಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ದುಡ್ಡು ಕೊಡಬೇಕಿಲ್ಲ. ಆದರೆ ವಾರಕ್ಕೆ ಎರಡು ಮೂರು ಸಲ ಹೋಗಿಬರಬೇಕು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ, ಸರಿ. ಗಂಡಸರಿಗೆ ಟಿಕೆಟ್ ಇದೆ, ಊಟ ಇದೆ, ಆವತ್ತಿನ ಕೂಲಿ ಹೋಗುತ್ತದೆ. ಹಾಗಾಗಿ ಸೈಕಲ್ಲನ್ನು ವೇಗದಿಂದಷ್ಟೇ ಅಳೆದರೆ ನಮ್ಮ ಕೆಲಸಕ್ಕೆ ಸಾಲದು.

ಮೊದಲು ದಾರಿ ಹೇಗಿದೆ ಅಂತ ಹೇಳಿಬಿಡುತ್ತೇನೆ. ಗಂಗಾವತಿಯಿಂದ ಸಂಗಾಪುರ, ಆನೆಗುಂದಿ ತನಕ ಎರಡೂ ಕಡೆ ಭತ್ತದ ಗದ್ದೆ, ರಸ್ತೆ ಸಪಾಟು. ಹನುಮನಹಳ್ಳಿ ದಾಟಿದ ಮೇಲೆ ಬಂಡೆಗುಡ್ಡಗಳ ನಡುವೆ ಏರಿಳಿತ ಶುರು. ಹಿಟ್ನಾಳ ಹತ್ತಿರ ಹೆದ್ದಾರಿ ಸೇರಿದರೆ ಗಿಣಿಗೇರಿ ತನಕ ಲಾರಿ, ಧೂಳು, ಮತ್ತೆ ಲಾರಿ. ಗಂಗಾವತಿಗಿಂತ ಕೊಪ್ಪಳ ನೂರು ಮೀಟರ್‌ಗಿಂತ ಜಾಸ್ತಿ ಎತ್ತರದಲ್ಲಿದೆ. ಕಣ್ಣಿಗೆ ಅದು ಕಾಣುವುದಿಲ್ಲ, ತೊಡೆಗೆ ಗೊತ್ತಾಗುತ್ತದೆ. ನಾವು ಡಿಸೆಂಬರ್‌ನಲ್ಲಿ ಹೊರಡುವುದಕ್ಕೆ ಚಳಿಯೊಂದೇ ಕಾರಣವಲ್ಲ. ಆಗ ಗಾಳಿ ಮೂಡಣದಿಂದ ಬೀಸುತ್ತದೆ, ನಾವು ಪಡುವಣಕ್ಕೆ ಹೋಗುತ್ತೇವೆ. ಬೆನ್ನಿಗೆ ಗಾಳಿ. ಇದೇ ದಾರಿಯನ್ನು ಜೂನ್, ಜುಲೈನಲ್ಲಿ ತುಳಿದರೆ ಎದುರುಗಾಳಿಗೆ ಜೀವ ಹೈರಾಣ.

ಕರಿ ಸೈಕಲ್ ಸಪಾಟು ರಸ್ತೆಯ ರಾಜ. ಸೀಟು ಅಗಲ, ಸ್ಪ್ರಿಂಗ್ ಇದೆ, ಬೆನ್ನು ನೆಟ್ಟಗೆ ಇಟ್ಟು ಕೂರಬಹುದು. 28 ಇಂಚಿನ ಚಕ್ರ ಒಮ್ಮೆ ಓಟ ಹಿಡಿಯಿತೆಂದರೆ ಸಣ್ಣಪುಟ್ಟ ಗುಂಡಿ ಲೆಕ್ಕಕ್ಕೇ ಇಲ್ಲ. ಆನೆಗುಂದಿ ತನಕ ಮಾತಾಡುತ್ತಾ ತುಳಿದೆ. ಆಮೇಲೆ ಶುರುವಾಯಿತು ನೋಡಿ. ಗೇರಿಲ್ಲ, ತೂಕ 20 ಕೆ.ಜಿ.ಗೆ ಕಡಿಮೆಯಿಲ್ಲ. ಸಾಣಾಪುರದ ಏರಿನಲ್ಲಿ ಇಳಿದು ತಳ್ಳಿದೆ. ಇಳಿಜಾರಿನಲ್ಲಿ ಇನ್ನೂ ಭಯ, ಯಾಕೆಂದರೆ ಸರಳಿನ ಬ್ರೇಕು ಹಿಡಿದರೆ ಸದ್ದು ಬರುತ್ತದೆ, ಗಾಡಿ ನಿಲ್ಲುವುದಿಲ್ಲ. ಕಟಾವು ಮಷಿನ್ನುಗಳು ಗದ್ದೆಯಿಂದ ರಸ್ತೆಗೆ ಎಳೆದು ತಂದ ಹಸಿ ಎರೆಮಣ್ಣು ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡರೆ ಚಕ್ರವೇ ತಿರುಗುವುದಿಲ್ಲ. ಕಡ್ಡಿ ಹಿಡಿದು ಕೆರೆಯುತ್ತಾ ಕೂರಬೇಕು.

ಎಂಟಿಬಿ ಬಗ್ಗೆ ನನ್ನ ಅಭಿಪ್ರಾಯ ಹುಡುಗರಿಗೆ ಹಿಡಿಸುವುದಿಲ್ಲ. ನೋಡಲು ಗಟ್ಟಿ, ಡಿಸ್ಕ್ ಬ್ರೇಕು, ಮುಂದೆ ಶಾಕ್ ಅಬ್ಸಾರ್ಬರ್. ಏರಿನಲ್ಲಿ ಸಣ್ಣ ಗೇರಿಗೆ ಹಾಕಿದರೆ ಇಳಿಯದೆ ಹತ್ತಬಹುದು, ಒಪ್ಪುತ್ತೇನೆ. ಆದರೆ ನಮ್ಮ ದಾರಿ ಬಹುತೇಕ ಡಾಂಬರು. ಮುಳ್ಳುಮುಳ್ಳಿನ ಟೈರು ಡಾಂಬರಿನ ಮೇಲೆ ಇಡೀ ದಿನ ಗುಂಯ್‌ಗುಡುತ್ತದೆ. ಪ್ರತಿ ತುಳಿತಕ್ಕೂ ಶಾಕ್ ಕುಗ್ಗಿ ಏಳುತ್ತದೆ, ಕಾಲಿನ ಕಸುವು ಅರ್ಧ ಅಲ್ಲೇ ಹೋಗುತ್ತದೆ. ಗಿಣಿಗೇರಿ ಹೊತ್ತಿಗೆ ನಾನು ಎಲ್ಲರಿಗಿಂತ ಹಿಂದೆ ಇದ್ದೆ. ರಸ್ತೆ ಮೇಲೆ ಒಣಹಾಕಿದ ಭತ್ತದ ಪಕ್ಕ, ಮಣ್ಣಿನ ಅಂಚಿಗೆ ಇಳಿದು ಹೋಗಬೇಕಾದಾಗ ಮಾತ್ರ ಅದು ನಿಜಕ್ಕೂ ಆರಾಮ.

ಹೈಬ್ರಿಡ್ ಇವೆರಡರ ನಡುವಿನದು. ಕರಿ ಸೈಕಲ್ಲಿನಷ್ಟೇ ದೊಡ್ಡ ಚಕ್ರ, ನಯವಾದ ಟೈರು, ಗೇರಿದೆ, ತೂಕ 13-14 ಕೆ.ಜಿ. ಅಷ್ಟೆ. ಹೆದ್ದಾರಿಯ ನಿಧಾನದ ಏರಿನಲ್ಲಿ ಇದರ ಗುಣ ಗೊತ್ತಾಗುತ್ತದೆ. ಲಾರಿಗಳ ಪಕ್ಕ ಕಳೆಯುವ ಹೊತ್ತು ಕಡಿಮೆಯಾಗುವುದೇ ಒಂದು ದೊಡ್ಡ ಲಾಭ. ಸೀಟು ಮಾತ್ರ ಕಲ್ಲು. ಟೈರಿನ ಅಗಲ 35 ಮಿ.ಮೀ.ಗಿಂತ ಸಣ್ಣದು ಬೇಡ, 38 ಸಿಕ್ಕರೆ ಒಳ್ಳೆಯದು.

ಪಂಚರ್ ವಿಷಯ ಬೇರೆಯೇ ಹೇಳಬೇಕು. ಈ ಸೀಮೆಯಲ್ಲಿ ಸೈಕಲ್ ಶತ್ರು ಗುಂಡಿಯಲ್ಲ, ಬಳ್ಳಾರಿ ಜಾಲಿ. ರಸ್ತೆ ಅಂಚಿನ ಜಾಲಿ ಕಡಿದು ಎಳೆದುಕೊಂಡು ಹೋದ ಮೇಲೆ ಉಳಿದ ಮುಳ್ಳು ಯಾವ ಟೈರನ್ನೂ ಬಿಡುವುದಿಲ್ಲ. ಎಂಟಿಬಿಯ ದಪ್ಪ ಟೈರೂ ಉಳಿಯಲಿಲ್ಲ. ಹಾಗಾಗಿ ಪಂಚರ್ ಆಗುತ್ತದೋ ಇಲ್ಲವೋ ಅನ್ನುವುದಕ್ಕಿಂತ, ಆದ ಮೇಲೆ ಏನು ಅನ್ನುವುದು ಮುಖ್ಯ. ಇಲ್ಲಿ ಕರಿ ಸೈಕಲ್ಲೇ ಗೆದ್ದಿತು. ಇಂಥ ಕರಿ ಸೈಕಲ್ ಮಾಡುತ್ತಿದ್ದ ಅಟ್ಲಾಸ್ ಕಂಪನಿ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದ್ ಕಾರ್ಖಾನೆ ನಿಲ್ಲಿಸಿತು. ಆದರೂ ಹಳ್ಳಿಯ ಅಂಗಡಿಯಲ್ಲಿ ಅದಕ್ಕೆ ಹೊಂದುವ ಟ್ಯೂಬು, ವಾಲ್‌ಟ್ಯೂಬು ಇನ್ನೂ ಸಿಗುತ್ತವೆ. 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರಕಾರ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಇಂಥ ಅಂಗಡಿಗಳಿಗೆ ಒಂದಷ್ಟು ಕೆಲಸವೂ ಸಿಕ್ಕಿತು. ಎಂಟಿಬಿಗೆ ಬೈಕಿನ ಥರದ್ದೇ ವಾಲ್ವು, ಎಲ್ಲಿ ಬೇಕಾದರೂ ಗಾಳಿ ಹೊಡೆಸಬಹುದು. ನನ್ನ ಹೈಬ್ರಿಡ್ಡಿನದು ತೆಳು ಪ್ರೆಸ್ಟಾ ವಾಲ್ವು. ಶಿವಪುರದ ಹತ್ತಿರ ಗಾಳಿ ಹೊಡೆಯುವವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕ ನಮ್ಮ ಪೈಪು ಕೂಡೂದಿಲ್ರಿ ಸರ" ಅಂದರು. ಜೇಬಿನಲ್ಲಿ ಬೆರಳ ತುದಿಯಷ್ಟು ಹಿತ್ತಾಳೆ ಅಡಾಪ್ಟರ್ ಇತ್ತು, ಬಚಾವಾದೆ. ಹೈಬ್ರಿಡ್ ತರುವವರು ಅದನ್ನೂ ಒಂದು ಸ್ಪೇರ್ ಟ್ಯೂಬನ್ನೂ ಇಟ್ಟುಕೊಳ್ಳಲೇಬೇಕು.

ಈಗ ಡಬ್ಬಿಯ ಲೆಕ್ಕ. ಕಿಲೊಮೀಟರ್‌ಗೆ ಇಷ್ಟು ಅಂತ ಊರಲ್ಲಿ ಮೊದಲೇ ಒಪ್ಪಿಕೊಂಡವರ ದುಡ್ಡಿಗೆ ಯಾವ ಸೈಕಲ್ ಆದರೂ ಒಂದೇ. ದಾರಿಯಲ್ಲಿ ಬೀಳುವ ದುಡ್ಡು ಹಾಗಲ್ಲ. ಹೆಲ್ಮೆಟ್ ಹಾಕಿ ಹೈಬ್ರಿಡ್ ತುಳಿದರೆ ಸಾಣಾಪುರದ ಹುಡುಗರು ಟೂರಿಸ್ಟು ಅಂದುಕೊಂಡು "ಹಲೋ ಹಲೋ" ಅಂತ ಇಂಗ್ಲಿಷಿನಲ್ಲೇ ಮಾತಾಡಿಸುತ್ತಾರೆ. ಪಾಪ, ಕೊಡುವವರೂ ಇವರು ನಮ್ಮವರಲ್ಲ ಅಂತ ಸುಮ್ನೆ ನೋಡುತ್ತಾ ನಿಲ್ಲುತ್ತಾರೆ. ಕರಿ ಸೈಕಲ್ ಕಂಡರೆ ಹಿರಿಯರು ತಾವೇ ಕೈ ಅಡ್ಡ ಹಾಕುತ್ತಾರೆ. "ಇಂಥಾ ಗಾಡಿ ಇನ್ನೂ ಇಟ್ಟೀರೇನ್ರಿ? ನಮ್ಮಪ್ಪ ಇದರಾಗ ನೆಲ್ಲಿನ ಚೀಲ ಹೇರ್ತಿದ್ದ" ಅಂತ ಮಾತು ಶುರು. ಬೆಲ್ ಹೊಡೆದು ನೋಡುತ್ತಾರೆ. ಎಲ್ಲಿಗೆ, ಯಾಕೆ ಅಂತ ಕೇಳುತ್ತಾರೆ. ಡಯಾಲಿಸಿಸ್ ಅಂದ ಕೂಡಲೇ ಅವರ ಮನೆಯಲ್ಲೋ ಓಣಿಯಲ್ಲೋ ಒಬ್ಬರು ನೆನಪಾಗುತ್ತಾರೆ. ಅಂಗಿ ಜೇಬಿಗೆ ಕೈ ಹೋಗುತ್ತದೆ. ಮಂಡಾಳ ಒಗ್ಗರಣೆ, ಮಿರ್ಚಿ, ಚಹಾ ಬೇರೆ. ಆ ವರ್ಷ ಡಬ್ಬಿ ತುಂಬಿದಷ್ಟು ಉಳಿದ ಎರಡು ಸಲವೂ ತುಂಬಲಿಲ್ಲ.

ಈ ಸಲ ನಾನು ಬಳಗಕ್ಕೆ ಹೇಳಿರುವುದು ಇಷ್ಟು. ಪೂರ್ತಿ ದಾರಿ ತುಳಿಯುವವರು ಹೈಬ್ರಿಡ್ ತನ್ನಿ. ಮನೆಯಲ್ಲಿ ಎಂಟಿಬಿ ಇದ್ದರೆ ಜಾಥಾಕ್ಕಂತ ಹೊಸದು ಕೊಳ್ಳುವುದು ಬೇಡ. ಆ ದುಡ್ಡಿನಲ್ಲಿ ಸ್ವಲ್ಪ ಡಬ್ಬಿಗೆ ಹಾಕಿ, ಸ್ವಲ್ಪದಲ್ಲಿ ನಯವಾದ ಟೈರು ಹಾಕಿಸಿ. ಶಾಕ್ ಲಾಕ್ ಮಾಡಲು ಬಂದರೆ ಮಾಡಿ, ಗಾಳಿ ಗಟ್ಟಿಯಾಗಿ ಹೊಡೆಸಿ. ಡಬ್ಬಿ ಮಾತ್ರ ಕರಿ ಸೈಕಲ್ಲಿನ ಕ್ಯಾರಿಯರ್ ಮೇಲೇ ಇರಲಿ. ಅದನ್ನು ಗಂಗಾವತಿಯಿಂದ ಆನೆಗುಂದಿ ತನಕ, ಊರೂರಲ್ಲಿ ನಿಲ್ಲಿಸುತ್ತಾ ಒಬ್ಬರು ತುಳಿಯಲಿ. ಏರು ಶುರುವಾಗುವಲ್ಲಿ ನೀರಿನ ಕ್ಯಾನ್ ತರುವ ಟಾಟಾ ಏಸ್‌ಗೆ ಹಾಕಿ, ಹುಲಿಗಿಯಲ್ಲಿ ಮತ್ತೆ ಇಳಿಸೋಣ. ಹುಲಿಗೆಮ್ಮನ ಗುಡಿ ಮುಂದೆ ಮಂಗಳವಾರ, ಶುಕ್ರವಾರ ಜನ ಜಾಸ್ತಿ. ಹಾಗಾಗಿ ಭಾನುವಾರ ಬಿಟ್ಟು ಶುಕ್ರವಾರ ಹೊರಟರೆ ಹೇಗೆ ಅಂತಲೂ ಕೇಳಿದ್ದೇನೆ. ನೌಕರಿಯವರು ರಜೆ ಸಿಗಲ್ಲ ಅಂತ ಗೊಣಗುತ್ತಿದ್ದಾರೆ, ಇನ್ನೂ ತೀರ್ಮಾನ ಆಗಿಲ್ಲ.