ಎಡಗೆನ್ನೆಗೆ ಸಾದಾ ಸೀರಮ್, ಬಲಗೆನ್ನೆಗೆ ಲೈಪೋಸೋಮ್

ಫೆಬ್ರವರಿ ಕೊನೆಗೆ ಈ ಪರೀಕ್ಷೆ ಶುರು ಮಾಡಿ ಮೇ ಮೊದಲ ವಾರಕ್ಕೆ ನಿಲ್ಲಿಸಿದೆ. ಎಡಗೆನ್ನೆಗೆ ಶೇ 15ರ ಸಾದಾ ವಿಟಮಿನ್ ಸಿ ಸೀರಮ್, 550 ರೂಪಾಯಿಯದು. ಬಲಗೆನ್ನೆಗೆ ಲೈಪೋಸೋಮ್ ಎಂಬ ಪುಟ್ಟ ಗುಳ್ಳೆಗಳಲ್ಲಿ ತುಂಬಿದ ವಿಟಮಿನ್ ಸಿ, 1,350 ರೂಪಾಯಿ. ಮೊಡವೆ ಬಿಟ್ಟುಹೋದ ಕಲೆಗಳು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಥರ ಇದ್ದವು. "ಇವತ್ತು ಯಾವ ಕೆನ್ನೆ?" ಅಂತ ಅತ್ತಿಗೆ ದಿನಾ ಕಾಡಿಸುತ್ತಿದ್ದರು.

ಮೊದಲ ದಿನವೇ ಎಡಗಡೆ ಚುರ್ ಅಂತು. ಸಾದಾ ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ, ಚರ್ಮಕ್ಕೆ ಸರಿಯಾಗಿ ಇಳಿಯಬೇಕಾದರೆ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 3.5ಕ್ಕಿಂತ ಕೆಳಗಿರಬೇಕು. ಹುಳಿ ಹಚ್ಚಿಕೊಂಡಂತೆಯೇ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ತೀನ್ ಕಂದೀಲ್ ತನಕ ನಡೆದು ಬಂದ ದಿನವಂತೂ ಉರಿ ಜಾಸ್ತಿ. ಬಲಗಡೆ ಏನೂ ಇಲ್ಲ.

ಲೈಪೋಸೋಮ್ ನಮ್ಮ ಕರ್ಚಿಕಾಯಿ ಇದ್ದಹಾಗೆ. ಒಳಗೆ ಹೂರಣ, ಹೊರಗೆ ಕಣಕ. ಇಲ್ಲಿ ಕಣಕ ಅಂದರೆ ಫಾಸ್ಫೋಲಿಪಿಡ್ ಎಂಬ ಒಂದು ಬಗೆಯ ಜಿಡ್ಡು. ಬಹಳಷ್ಟು ಸಲ ಸೋಯಾದಿಂದ ತೆಗೆದ ಲೆಸಿಥಿನ್. ಇದರ ಅಣುವಿನ ತಲೆಗೆ ನೀರು ಬೇಕು, ಬಾಲಕ್ಕೆ ನೀರು ಕಂಡರಾಗದು. ನೀರಿಗೆ ಬಿದ್ದರೆ ಬಾಲಗಳೆಲ್ಲ ನಡುವೆ ಅಡಗಿ ಎರಡು ಪದರದ ಗುಳ್ಳೆ ಕಟ್ಟುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಅಲೆಕ್ ಬ್ಯಾಂಗಮ್ ಇದನ್ನು ಕಂಡರು. 1986ರಲ್ಲಿ ಡಿಯೋರ್ ಕಂಪನಿಯ ಕ್ಯಾಪ್ಚರ್ ಕ್ರೀಮಿನಲ್ಲಿ ಅದು ಅಂಗಡಿಗೆ ಬಂತು.

ಜಾಹೀರಾತಿನಲ್ಲಿ ಗುಳ್ಳೆ ಇಡಿಯಾಗಿ ಚರ್ಮದ ಆಳಕ್ಕೆ ಈಜಿಕೊಂಡು ಹೋಗುತ್ತದೆ. ಸುಮ್ನೆ ಮಾತು. ಹೆಚ್ಚಿನವು ಮೇಲಿನ ಸತ್ತ ಪದರದಲ್ಲೇ ಒಡೆದು, ಅಲ್ಲಿನ ಜಿಡ್ಡಿನ ಜೊತೆ ಬೆರೆತು, ಹೂರಣವನ್ನು ನಿಧಾನಕ್ಕೆ ಬಿಡುತ್ತವೆ. ಒಮ್ಮೆಗೇ ಸುರಿಯುವುದಿಲ್ಲ, ಅಷ್ಟು ಹುಳಿಯೂ ಬೇಕಿಲ್ಲ. ನನ್ನ ಬಲಗೆನ್ನೆ ಸುಮ್ಮನಿದ್ದದ್ದು ಅದಕ್ಕೇ ಇರಬೇಕು.

ಆರನೇ ವಾರಕ್ಕೆ ಸಾದಾ ಸೀರಮ್ ಚಹಾದ ಬಣ್ಣಕ್ಕೆ ತಿರುಗಿತು. ಗಾಳಿ, ಬೆಳಕು, ಸೆಕೆ ಮೂರೂ ಸೇರಿ ವಿಟಮಿನ್ ಸಿ ಕೆಡಿಸುತ್ತವೆ. ಎಸೆದು ಹೊಸದು ತಂದೆ. ಲೈಪೋಸೋಮ್ ಬಾಟಲಿ ಗೆದ್ದಿತು ಅಂದುಕೊಳ್ಳುವಷ್ಟರಲ್ಲಿ, ಒಂದು ಮಧ್ಯಾಹ್ನ ಅದನ್ನು ಸ್ಕೂಟರ್ ಡಿಕ್ಕಿಯಲ್ಲಿ ಮರೆತೆ. ಸಂಜೆ ನೋಡಿದರೆ ಒಡೆದ ಹಾಲಿನಂತೆ ಎರಡು ಪದರ. ಹೂರಣವನ್ನು ಕಾಯುವ ಕಣಕವೇ ಶಾಖಕ್ಕೆ ಸೋಲುತ್ತದೆ! ಹಾಗಂತ ಫ್ರೀಜರ್‌ಗೂ ಇಡಬಾರದು, ಮಂಜುಗಡ್ಡೆಗೂ ಗುಳ್ಳೆ ಒಡೆಯುತ್ತದೆ. ಇನ್ನೊಂದು 1,350 ಹೋಯಿತು.

ಕಲೆ? ಎರಡೂ ಕಡೆ ತಿಳಿಯಾಗಿದೆ. ಯಾವ ಕಡೆ ದುಬಾರಿ ಸೀರಮ್ ಅಂತ ಅತ್ತಿಗೆಗೆ ಕೇಳಿದೆ, ತಪ್ಪು ಹೇಳಿದರು. ಎರಡೂ ಕೆನ್ನೆಗೆ ದಿನಾ ಸನ್‌ಸ್ಕ್ರೀನ್ ಹಚ್ಚಿದ್ದೆ, ಅರ್ಧ ಕೆಲಸ ಅದೇ ಮಾಡಿರಬಹುದು. ಲೈಪೋಸೋಮ್ ಬಾಟಲಿಯ ಮೇಲೆ ವಿಟಮಿನ್ ಶೇ ಎಷ್ಟು ಅಂತಲೂ ಬರೆದಿರಲಿಲ್ಲ.

ಹಣೆಗೆ ಮಾತ್ರ 350 ರೂಪಾಯಿಯ ನಿಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಹಚ್ಚುತ್ತಿದ್ದೆ. ಅದು ಹುಳಿಯಲ್ಲ, ಸೆಕೆಗೆ ಸುಲಭವಾಗಿ ಕೆಡುವುದೂ ಇಲ್ಲ. ಅದನ್ನೂ ಲೈಪೋಸೋಮಿನಲ್ಲಿ ಸುತ್ತಿ ಮೂರು ಪಟ್ಟು ರೇಟಿಗೆ ಮಾರುತ್ತಾರೆ, ಯಾಕೋ!

ನನ್ನದು ಉರಿಯುವ ಚರ್ಮ, ಹಾಗಾಗಿ ಬೇಸಿಗೆಗೆ ಲೈಪೋಸೋಮ್‌ನದೇ ಇಟ್ಟುಕೊಂಡಿದ್ದೇನೆ. ಚಿಕ್ಕ ಬಾಟಲಿ, ಫ್ರಿಜ್ಜಿನ ಬಾಗಿಲಲ್ಲಿ. ಚಳಿಗಾಲಕ್ಕೆ ಮತ್ತೆ 550ರದ್ದೇ.