ಅಜ್ಜಿಯ ಟ್ರಂಕಿನ ಫೋಟೋಗಳು: ಮುಖ ಗುರುತಿಸುವ ನಾಲ್ಕು ವಿಧಾನ ಹಚ್ಚಿ ನೋಡಿದೆ

ಬೆಟಗೇರಿಯ ನಮ್ಮ ಮನೆಯಲ್ಲಿ ಅಜ್ಜಿಯದೊಂದು ಕಬ್ಬಿಣದ ಟ್ರಂಕ್ ಇದೆ. ಅದರ ತುಂಬ ಫೋಟೋ. ಮದುವೆ, ತೊಟ್ಟಿಲು, ಜಾತ್ರೆ ಎಲ್ಲಾ ಕಲಸಿಹೋಗಿವೆ. ತೀರಿಕೊಂಡ ಕಾಕಾ ಇರುವ ಫೋಟೋಗಳನ್ನು ಒಂದು ಕಡೆ ಮಾಡಿಕೊಡು ಅಂತ ಅಜ್ಜಿ ಕೇಳಿದಳು. ಸ್ಕ್ಯಾನ್ ಮಾಡಿದಾಗ 600ಕ್ಕೂ ಜಾಸ್ತಿ ಆದವು. ಈ ಕೆಲಸವನ್ನು ಕಂಪ್ಯೂಟರ್‌ಗೆ ಕಲಿಸೋಣ ಅಂದುಕೊಂಡೆ.

ಟ್ರಂಕಿಗೆ ಕೈ ಹಾಕುವ ಮೊದಲು ಸಣ್ಣ ಪರೀಕ್ಷೆ ಮಾಡಿದೆ. ಮನೆಯ ಹತ್ತು ಜನರನ್ನು ಪಡಸಾಲೆಯಲ್ಲಿ ಕೂರಿಸಿ, ಒಬ್ಬೊಬ್ಬರದು 12ರಂತೆ 120 ಫೋಟೋ ತೆಗೆದೆ. ಕಲಿಸಲು ಅವು. ಪರೀಕ್ಷೆಗೆ ಬೇರೆ 60 ಫೋಟೋ, ಒಬ್ಬೊಬ್ಬರದು ಆರು. ಮೊದಲ ಮೂರು ವಿಧಾನ (ಐಗನ್‌ಫೇಸ್, ಫಿಶರ್‌ಫೇಸ್, ಎಲ್‌ಬಿಪಿಎಚ್) ಓಪನ್‌ಸಿವಿ ಅನ್ನುವ, ಚಿತ್ರಗಳ ಕೆಲಸಕ್ಕಿರುವ ಉಚಿತ ಸಾಫ್ಟ್‌ವೇರ್‌ನಲ್ಲೇ ಸಿಗುತ್ತವೆ. ನಾಲ್ಕನೆಯದು ಡಿಲಿಬ್, ಅಂಥದೇ ಇನ್ನೊಂದು ಉಚಿತ ಸಾಫ್ಟ್‌ವೇರ್.

ಐಗನ್‌ಫೇಸ್ ಇವುಗಳಲ್ಲಿ ಹಿರಿಯದು. ಸಿರೊವಿಚ್ ಮತ್ತು ಕರ್ಬಿ 1987ರಲ್ಲಿ ದಾರಿ ತೋರಿಸಿದರು. 1991ರಲ್ಲಿ ಟರ್ಕ್ ಮತ್ತು ಪೆಂಟ್‌ಲ್ಯಾಂಡ್ ಅದನ್ನು ಮುಖ ಗುರುತಿಸುವುದಕ್ಕೆ ಬಳಸಿದರು. 100 ಚುಕ್ಕೆ (ಪಿಕ್ಸೆಲ್) ಅಗಲ, 100 ಚುಕ್ಕೆ ಎತ್ತರದ ಒಂದು ಫೋಟೋ ಅಂದರೆ 10,000 ಸಂಖ್ಯೆ. ಅಷ್ಟನ್ನೂ ಹೋಲಿಸುವ ಬದಲು, ಎಲ್ಲರ ಸರಾಸರಿ ಮುಖ ಒಂದನ್ನು ಮಾಡಿ, ಫೋಟೋಗಳು ಅದರಿಂದ ಯಾವ ರೀತಿಯಲ್ಲಿ ಹೆಚ್ಚು ಬೇರೆಯಾಗುತ್ತವೆ ಅಂತ ಹುಡುಕುತ್ತದೆ. ಹಾಗೆ ಬೇರೆಯಾಗುವ ಒಂದೊಂದು ರೀತಿಗೆ ‘ದಿಕ್ಕು’ ಅನ್ನುತ್ತಾರೆ. ಆಮೇಲೆ ಪ್ರತಿ ಮುಖಕ್ಕೂ ಕೆಲವೇ ಸಂಖ್ಯೆ ಸಾಕು. ಯೋಚನೆ ಬಹಳ ಚಂದ. ಆದರೆ ನಮ್ಮ ಪಡಸಾಲೆಯಲ್ಲಿ 60ಕ್ಕೆ 33 ಸರಿ ಬಂತು, ಅಷ್ಟೇ.

ಕಾರಣ ಬೆಳಕು. ನಮ್ಮ ಬಾಗಿಲು ಪೂರ್ವಕ್ಕಿದೆ. ಬೆಳಿಗ್ಗೆ ಕೂತವರ ಅರ್ಧ ಮುಖ ಬೆಳಗುತ್ತದೆ, ಇನ್ನರ್ಧ ಕತ್ತಲು. ಒಬ್ಬರೇ ಬೆಳಿಗ್ಗೆ ಮತ್ತು ಸಂಜೆ ಕೂತ ಫೋಟೋಗಳ ನಡುವಿನ ವ್ಯತ್ಯಾಸ, ಒಂದೇ ಹೊತ್ತಲ್ಲಿ ಕೂತ ಇಬ್ಬರ ನಡುವಿನದಕ್ಕಿಂತ ಜಾಸ್ತಿ. ಐಗನ್‌ಫೇಸ್ ದೊಡ್ಡ ವ್ಯತ್ಯಾಸವನ್ನೇ ಹುಡುಕುತ್ತದೆ. ಅದು ಯಾತರಿಂದ ಬಂತು ಅಂತ ಕೇಳುವುದಿಲ್ಲ. ಮೊದಲ ಮೂರು ದಿಕ್ಕುಗಳನ್ನು ತೆಗೆದುಹಾಕಿದರೆ ಬೆಳಕಿನ ಕಾಟ ಕಡಿಮೆಯಾಗುತ್ತದೆ ಅಂತ ಓದಿದ್ದೆ. ತೆಗೆದೆ. 41ಕ್ಕೆ ಏರಿತು. ಅಜ್ಜನ ಬಿಳಿ ಗಾಂಧಿ ಟೋಪಿ ಇನ್ನೊಂದು ತೊಡಕು. ಟೋಪಿ ಹಾಕಿದವರೆಲ್ಲ ಅಜ್ಜನೇ ಆಗುತ್ತಿದ್ದರು! ಹುಬ್ಬಿನಿಂದ ಗದ್ದದವರೆಗೆ ಮಾತ್ರ ಕತ್ತರಿಸಿದ ಮೇಲೆ ಅದು ನಿಂತಿತು. ಮೇಲಿನ ಲೆಕ್ಕ ಹಾಗೆ ಕತ್ತರಿಸಿದ ಮೇಲಿನದು.

ಫಿಶರ್‌ಫೇಸ್ ಬೇರೆ ಪ್ರಶ್ನೆ ಕೇಳುತ್ತದೆ. ಒಬ್ಬರ ಫೋಟೋಗಳೆಲ್ಲ ಹತ್ತಿರ ಬರಬೇಕು, ಬೇರೆಯವರದು ದೂರ ಹೋಗಬೇಕು, ಅಂಥ ದಿಕ್ಕು ಯಾವುದು? ಬೆಲ್ಹ್ಯೂಮರ್ ಮತ್ತು ಜೊತೆಗಾರರು 1997ರಲ್ಲಿ ಇದನ್ನು ಮುಖಗಳಿಗೆ ತಂದದ್ದೇ ಬೆಳಕಿನ ತೊಂದರೆಗಾಗಿ. ಹತ್ತು ಜನರಿದ್ದರೆ ಒಂಬತ್ತು ದಿಕ್ಕು ಮಾತ್ರ ಸಿಗುತ್ತವೆ. ಇದರ ಮೂಲ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1936ರಲ್ಲಿ, ಎಡ್ಗರ್ ಆ್ಯಂಡರ್ಸನ್ ಅಳೆದಿದ್ದ ಐರಿಸ್ ಹೂಗಳ ಎಸಳಿನ ಅಳತೆ ಹಿಡಿದು ಬರೆದ ಲೇಖನ. ಅದನ್ನು ಹಲವು ಗುಂಪುಗಳಿಗೆ ಹಿಗ್ಗಿಸಿ 1948ರಲ್ಲಿ ಬರೆದವರು ನಮ್ಮ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್. ಅವರು ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ, ಇಲ್ಲಿಂದ ಮುಂಡರಗಿ ಕಡೆ ಹೋಗಿ ತುಂಗಭದ್ರೆ ದಾಟಿದರೆ ಸಿಗುವ ಊರು. ಹತ್ತು ಜನರನ್ನು ಒಟ್ಟಿಗೆ ಬೇರ್ಪಡಿಸುವ ಆ ಲೆಕ್ಕ ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುವಾಗ ನಿಜಕ್ಕೂ ಹೆಮ್ಮೆ ಅನಿಸಿತು. 60ಕ್ಕೆ 47.

ಎಲ್‌ಬಿಪಿಎಚ್‌ನದು (ಲೋಕಲ್ ಬೈನರಿ ಪ್ಯಾಟರ್ನ್ ಹಿಸ್ಟೋಗ್ರಾಮ್) ಇನ್ನೂ ಸರಳ ದಾರಿ. ಫಿನ್‌ಲ್ಯಾಂಡಿನ ಔಲು ಊರಿನ ಸಂಶೋಧಕರು 2004ರಲ್ಲಿ ಇದನ್ನು ಮುಖಗಳಿಗೆ ಹಚ್ಚಿದರು. ಪ್ರತಿ ಚುಕ್ಕೆಯೂ ತನ್ನ ಎಂಟು ನೆರೆಯ ಚುಕ್ಕೆಗಳನ್ನು ನೋಡುತ್ತದೆ. ನನಗಿಂತ ಬೆಳಕೋ, ಕಪ್ಪೋ? ಅದರಿಂದ 256 ಮಾದರಿ ಆಗುತ್ತವೆ. ಮುಖವನ್ನು 64 ಚೌಕ ಮಾಡಿ, ಯಾವ ಚೌಕದಲ್ಲಿ ಯಾವ ಮಾದರಿ ಎಷ್ಟು ಸಲ ಬಂತು ಅಂತ ಎಣಿಸುತ್ತದೆ. ಕೋಣೆ ಕತ್ತಲಾದರೂ ಯಾವ ಚುಕ್ಕೆ ಯಾವುದಕ್ಕಿಂತ ಬೆಳಕು ಅನ್ನುವುದು ಅಷ್ಟಾಗಿ ಬದಲಾಗುವುದಿಲ್ಲ, ಅಲ್ವಾ? ಅಪ್ಪ ವಿಭೂತಿ ಹಚ್ಚಿಕೊಂಡು ಬಂದರೂ ಮೇಲಿನ ಕೆಲವು ಚೌಕ ಕೆಡುತ್ತವೆ, ಉಳಿದವು ಹಾಗೇ ಇರುತ್ತವೆ. 60ಕ್ಕೆ 51. ಮನೆಗೆ ಹೊಸ ಸೊಸೆ ಬಂದರೆ ಅವಳ ಫೋಟೋ ಮಾತ್ರ ಸೇರಿಸಿದರಾಯಿತು. ಮೊದಲಿನ ಎರಡಕ್ಕೆ ಎಲ್ಲರನ್ನೂ ಮತ್ತೆ ಕಲಿಸಬೇಕು. ಒಂದು ಎಚ್ಚರಿಕೆ: ಓಪನ್‌ಸಿವಿ ಇಲ್ಲಿ ಕೊಡುವ ‘ಕಾನ್ಫಿಡೆನ್ಸ್’ ಅನ್ನುವ ಸಂಖ್ಯೆ ನಿಜವಾಗಿ ದೂರ, ಅಂದರೆ ಎರಡು ಮುಖ ಒಂದಕ್ಕೊಂದು ಎಷ್ಟು ಬೇರೆ ಅನ್ನುವ ಅಳತೆ. ಕಡಿಮೆ ಇದ್ದಷ್ಟೂ ಒಳ್ಳೆಯದು.

ಡಿಲಿಬ್‌ನ ನ್ಯೂರಲ್ ನೆಟ್‌ವರ್ಕ್ (ಉದಾಹರಣೆ ನೋಡಿ ತಾನೇ ಕಲಿಯುವ ಲೆಕ್ಕ) ಲಕ್ಷಾಂತರ ಮುಖ ನೋಡಿ ಮೊದಲೇ ಕಲಿತಿರುತ್ತದೆ. ಒಂದು ಮುಖಕ್ಕೆ 128 ಸಂಖ್ಯೆ ಕೊಡುತ್ತದೆ. ಎರಡು ಮುಖಗಳ ಸಂಖ್ಯೆಗಳ ನಡುವಿನ ದೂರ 0.6ಕ್ಕಿಂತ ಕಡಿಮೆ ಇದ್ದರೆ ಒಬ್ಬರೇ ಅನ್ನುತ್ತದೆ. 60ಕ್ಕೆ 58. ತಪ್ಪಿದ ಎರಡೂ ಅಣ್ಣನ ಮಕ್ಕಳು. ಮಕ್ಕಳ ಮುಖದಲ್ಲಿ ಇದು ಸೋಲುತ್ತದೆ ಅನ್ನುವುದು ಗೊತ್ತಿರುವ ಸಂಗತಿಯೇ.

ಇಷ್ಟು ನೋಡಿ, ಟ್ರಂಕಿಗೆ ಯಾವುದಾದರೂ ಸಾಕು ಅಂದುಕೊಂಡೆ. ಕಾಕಾನನ್ನು ಹನ್ನೊಂದನೆಯವನಾಗಿ ಸೇರಿಸಿದೆ. ಅವನದು ಮೊಬೈಲ್ ಫೋಟೋ ಇಲ್ಲ. ಅಜ್ಜಿ ಆರಿಸಿಕೊಟ್ಟ 12 ಹಳೆಯ ಪ್ರಿಂಟ್‌ಗಳಿಂದಲೇ ಕಲಿಸಿದೆ.

ಫಿಶರ್‌ಫೇಸ್ ಓಡಿಸಿದರೆ ಟ್ರಂಕಿನಲ್ಲಿದ್ದವರೆಲ್ಲ ಕಾಕಾ ಆದರು. ಅಪ್ಪನ ಮದುವೆಯ ಫೋಟೋ ಕಾಕಾ. ದೊಡ್ಡಪ್ಪ ಕಾಕಾ. ಸೆರಗು ಹೊದ್ದ ಚಿಗವ್ವನೂ ಕಾಕಾ. ಎರಡು ದಿನ ತಲೆ ಕೆಡಿಸಿಕೊಂಡೆ. ತಪ್ಪು ಲೆಕ್ಕದ್ದಲ್ಲ, ನಾನು ಕೊಟ್ಟ ಫೋಟೋಗಳದು. ಹತ್ತು ಜನ ಮೊಬೈಲ್‌ನಲ್ಲಿ, ಕಾಕಾ ಒಬ್ಬನೇ ಮಾಸಿದ ಪ್ರಿಂಟ್‌ನಲ್ಲಿ. ಅವನನ್ನು ಉಳಿದವರಿಂದ ಬೇರೆ ಮಾಡುವ ಸುಲಭ ಗುರುತು ಮುಖವಲ್ಲ, ಮಾಸಿದ ಬಣ್ಣ. ಗುಂಪುಗಳನ್ನು ಬೇರ್ಪಡಿಸುವುದೇ ಫಿಶರ್‌ನ ಕೆಲಸ, ಅದನ್ನೇ ನಿಷ್ಠೆಯಿಂದ ಮಾಡಿತ್ತು. ಎಲ್‌ಬಿಪಿಎಚ್ ಕೂಡ ಎಡವಿತು. ಆ ಕಾಲದ ಕೆಲವು ಪ್ರಿಂಟ್‌ಗಳ ಕಾಗದ ತರಿತರಿಯಾಗಿರುತ್ತದೆ, ಸ್ಕ್ಯಾನ್‌ನಲ್ಲಿ ಸಣ್ಣ ಸಣ್ಣ ಚುಕ್ಕೆಯಾಗಿ ಕಾಣುತ್ತದೆ. ನೆರೆಯ ಚುಕ್ಕೆಗಳನ್ನೇ ನಂಬಿದ ವಿಧಾನ ಕಾಗದವನ್ನು ಚರ್ಮ ಅಂದುಕೊಂಡಿತು. ಪಡಸಾಲೆಯಲ್ಲಿ ಗೆಲ್ಲಿಸಿದ ಗುಣವೇ ಟ್ರಂಕಿನಲ್ಲಿ ಸೋಲಿಸಿತು.

ಮದ್ದು ಸರಳ. ಅಜ್ಜಿಯನ್ನು ಕೂರಿಸಿಕೊಂಡು ಅಪ್ಪ, ದೊಡ್ಡಪ್ಪ, ಚಿಗವ್ವ ಇವರ ಹಳೆಯ ಪ್ರಿಂಟ್‌ಗಳನ್ನೂ ಹತ್ತು ಹತ್ತು ಆರಿಸಿ ಕಲಿಸಿದೆ. ಫಿಶರ್‌ಫೇಸ್ ಕೂಡಲೇ ಸುಧಾರಿಸಿತು. ಎಲ್‌ಬಿಪಿಎಚ್‌ಗೆ ಸ್ಕ್ಯಾನ್‌ಗಳನ್ನು ಸ್ವಲ್ಪ ಮಸುಕು ಮಾಡಿ ಕೊಟ್ಟ ಮೇಲೆ ಅದೂ ದಾರಿಗೆ ಬಂತು. ಐಗನ್‌ಫೇಸ್ ಅನ್ನು ಅಲ್ಲಿಗೇ ಬಿಟ್ಟೆ. ಡಿಲಿಬ್‌ಗೆ ಕಾಗದದ ಕಾಟ ಇರಲಿಲ್ಲ. ಆದರೆ ಹರೆಯದ ಅಪ್ಪನನ್ನೂ ಕಾಕಾನನ್ನೂ 0.6ರಲ್ಲಿ ಒಂದೇ ಮಾಡುತ್ತಿತ್ತು. ಅಣ್ಣತಮ್ಮಂದಿರು, ಹೋಲಿಕೆ ಇದ್ದದ್ದೇ. 0.5ಕ್ಕೆ ಇಳಿಸಿ, ಅದಕ್ಕಿಂತ ದೂರದ್ದನ್ನೆಲ್ಲ ‘ಗೊತ್ತಿಲ್ಲ’ ಅನ್ನುವ ಫೋಲ್ಡರ್‌ಗೆ ಹಾಕಿಸಿದೆ.

ಈಗ ನಾನು ಉಳಿಸಿಕೊಂಡದ್ದು ಡಿಲಿಬ್. ಕಲಿಯಬೇಕು ಅನ್ನುವವರಿಗೆ ಮಾತ್ರ ಫಿಶರ್‌ಫೇಸ್‌ನಿಂದಲೇ ಶುರು ಮಾಡಿ ಅನ್ನುತ್ತೇನೆ. ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಅಂತ ಅದರಲ್ಲಿ ಹುಡುಕಿ ನೋಡಬಹುದು. 128 ಸಂಖ್ಯೆಗಳನ್ನು ದಿಟ್ಟಿಸಿದರೆ ಏನೂ ತಿಳಿಯುವುದಿಲ್ಲ.

ಕಾಕಾನ ಫೋಟೋ 74 ಸಿಕ್ಕವು. ‘ಗೊತ್ತಿಲ್ಲ’ ಫೋಲ್ಡರ್‌ನಿಂದ ಅಜ್ಜಿ ಇನ್ನೂ ಒಂಬತ್ತು ತೆಗೆದಳು. ಒಂದಂತೂ ಆ ಫೋಲ್ಡರ್‌ಗೂ ಬಂದಿರಲಿಲ್ಲ. ಕೈಮಗ್ಗದ ಮುಂದೆ ಕೂತು, ಪೂರ್ತಿ ಮಗ್ಗುಲಿಗೆ ತಿರುಗಿ ಎಳೆ ಜೋಡಿಸುತ್ತಿರುವ ಹುಡುಗ. ಕಂಪ್ಯೂಟರ್‌ಗೆ ಅಲ್ಲಿ ಮುಖವೇ ಕಂಡಿರಲಿಲ್ಲ. ಅಜ್ಜಿ ಮಾತ್ರ ನೋಡಿದ ಕೂಡಲೇ "ಇವ ನಮ್ಮ ಸಣ್ಣಾಂವ, ಕುಂದ್ರೂದು ನೋಡ" ಅಂದಳು. ಅದನ್ನು ಕೈಯಿಂದಲೇ ಸೇರಿಸಿದೆ.